ಕಬ್ಬಿಣಕ್ಕೂ ನೆನಪುಂಟು, ಮರೆವೂ ಉಂಟು

ಅಜ್ಜ ತೀರಿಕೊಂಡಾಗ ನಾನು ಎರಡನೇ ತರಗತಿ. ಅವರ ಮುಖ ನೆನಪಿದೆ, ದನಿ ನೆನಪಿಲ್ಲ. ದನಿ ಎಂದು ಮನೆಯಲ್ಲಿ ಉಳಿದಿರುವುದು ಒಂದು ಕ್ಯಾಸೆಟ್ ಮಾತ್ರ. ಶ್ರಾವಣದ ಸಂಜೆ ಜಗಲಿಯ ಮೇಲೆ ಕುಳಿತು ಅವರು ಕುಮಾರವ್ಯಾಸ ಭಾರತ ಓದುತ್ತಿದ್ದುದನ್ನು ಚಿಕ್ಕಪ್ಪ 1990ರ ದಶಕದಲ್ಲಿ ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ಕೆಲವು ವರ್ಷದ ಮೇಲೆ ಅದೇ ಚಿಕ್ಕಪ್ಪ, ಖಾಲಿ ಕ್ಯಾಸೆಟ್ ಕೈಗೆ ಸಿಗದೆ, ಅದರ ಎರಡನೇ ಬದಿಯ ಮೇಲೆ ಸಿನಿಮಾ ಹಾಡು ತುಂಬಿಸಿದರು. ಮನೆಯಲ್ಲಿ ಈ ಮಾತು ಬಂದಾಗಲೆಲ್ಲ ಅವರು ಏನೋ ನೆಪ ಹೇಳಿ ಎದ್ದು ಹೊರಗೆ ಹೋಗುತ್ತಾರೆ.

ಉಳಿದ ಒಂದು ಬದಿಯನ್ನಾದರೂ ಕಂಪ್ಯೂಟರಿಗೆ ಇಳಿಸೋಣವೆಂದು ಈಚೆಗೆ ಬೆಂಗಳೂರಿನಲ್ಲಿ ಹಳೆಯ ಟೇಪುಗಳ ಕೆಲಸ ಮಾಡುವ ಮೆಕ್ಯಾನಿಕ್ ಒಬ್ಬರನ್ನು ಹುಡುಕಿಕೊಂಡು ಹೋದೆ. ಅವರು ಮೊದಲು ಕ್ಯಾಸೆಟ್ಟನ್ನು ದೂರದ ಬೆಂಚಿನ ಮೇಲಿಟ್ಟರು. ಆಮೇಲೆ ದಪ್ಪ ಪೆನ್ನಿನಂಥ ಒಂದು ಸಾಧನವನ್ನು ಪ್ಲಗ್ಗಿಗೆ ಚುಚ್ಚಿ, ಪ್ಲೇಯರಿನ ಹೆಡ್ಡಿನ ಹತ್ತಿರ ಹಿಡಿದು ಮೆಲ್ಲಗೆ ಆಡಿಸಿ, ಅಷ್ಟೇ ಮೆಲ್ಲಗೆ ಹಿಂದಕ್ಕೆ ಎಳೆದು, ಒಂದು ಮಾರು ದೂರ ಬಂದ ಮೇಲೆ ಸ್ವಿಚ್ ಆರಿಸಿದರು.

‘ಹೆಡ್ಡಿಗೆ ಮ್ಯಾಗ್ನೆಟ್ ಹಿಡಿದಿರುತ್ತೆ ಸಾರ್. ಬಿಡಿಸದೇ ಹಾಕಿದ್ರೆ ನಿಮ್ಮ ಟೇಪಿನ ಮೇಲೆ ಬುಸ್ ಅನ್ನೋ ಸದ್ದು ಕೂತ್ಕೊಳ್ಳುತ್ತೆ’ ಎಂದರು.

ಅಲ್ಲೇ ಆರಿಸಬಾರದೆ, ಅಷ್ಟು ದೂರ ಏಕೆ ಎಳೆಯಬೇಕು ಎಂದು ಕೇಳಿದೆ.

‘ಹತ್ತಿರ ಇದ್ದಾಗಲೇ ಕರೆಂಟ್ ಹೋಯ್ತು ಅಂದ್ಕೊಳ್ಳಿ, ಮೊದಲಿಗಿಂತ ಜಾಸ್ತಿ ಹಿಡ್ಕೊಂಡ್ಬಿಡುತ್ತೆ!’

ಕಾಂತ ಬಿಡಿಸುವ ಸಾಧನವೇ ಕಾಂತ ಹಿಡಿಸುತ್ತದೆಂದರೆ ಏನರ್ಥ? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ದಾರಿ ಬಹಳ ದೂರ ಹೋಗುತ್ತದೆ. ಕಮ್ಮಾರನ ಅಡಿಗಲ್ಲು, ಐರ್ಲೆಂಡಿನ ಬಂಡೆಗೆ ಬಡಿದ ಹಡಗು, ವಿಜಾಪುರದ ಕರಿಕಲ್ಲು ಎಲ್ಲವೂ ಆ ದಾರಿಯಲ್ಲೇ ಸಿಗುತ್ತವೆ.

ಅಯಸ್ಕಾಂತ ಎಂಬ ಹೆಸರೇ ಚೆಂದ. ಅಯಸ್ ಎಂದರೆ ಕಬ್ಬಿಣ. ಅದಕ್ಕೆ ಕಾಂತ, ಅಂದರೆ ಪ್ರಿಯ. ಕಾಳಿದಾಸನ ‘ಕುಮಾರಸಂಭವ’ದಲ್ಲಿ ತಪಸ್ಸಿಗೆ ಕುಳಿತ ಶಿವನ ಮನಸ್ಸನ್ನು ಉಮೆಯಿಂದ ಸೆಳೆಯಿರಿ ಎಂದು ಬ್ರಹ್ಮ ದೇವತೆಗಳಿಗೆ ಹೇಳುವಾಗ ಬರುವ ಹೋಲಿಕೆಯೂ ಇದೇ, ಅಯಸ್ಕಾಂತ ಮತ್ತು ಕಬ್ಬಿಣ. ಮೈಯಲ್ಲಿ ನಾಟಿದ ಬಾಣದ ಮೊನೆಯನ್ನು ಅಯಸ್ಕಾಂತದಿಂದ ತೆಗೆಯುವುದನ್ನು ‘ಸುಶ್ರುತ ಸಂಹಿತೆ’ ಹೇಳುತ್ತದೆ. ಸೂಜಿ ತಾನಾಗಿ ಕಲ್ಲಿನತ್ತ ಸರಿಯುವುದಕ್ಕೆ ಕಾರಣ ‘ಅದೃಷ್ಟ’, ಅಂದರೆ ಕಣ್ಣಿಗೆ ಕಾಣದ್ದು ಎಂದು ವೈಶೇಷಿಕ ಸೂತ್ರಕಾರ ಕಣಾದ ಒಂದೇ ಮಾತಿನಲ್ಲಿ ಮುಗಿಸಿದ. ನಮ್ಮ ಹಳ್ಳಿಗರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳದೆ ಸೂಜಿಗಲ್ಲು ಎಂದು ಕರೆದರು.

ಈ ಸೂಜಿಗಲ್ಲು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಅಗೆದು ಮಂಗಳೂರಿಗೆ ಸಾಗಿಸಿದ್ದೂ ಮ್ಯಾಗ್ನಟೈಟ್ ಅದಿರೇ. ಮನೆ ಕಟ್ಟಲು ತಂದು ಸುರಿದ ಮರಳಿನಲ್ಲಿ ಹಳೆಯ ಸ್ಪೀಕರಿನ ಅಯಸ್ಕಾಂತ ಆಡಿಸಿದರೆ ಮೀಸೆಯ ಹಾಗೆ ಅಂಟಿಕೊಳ್ಳುವ ಕರಿ ಪುಡಿಯೂ ಬಹುಮಟ್ಟಿಗೆ ಅದೇ. ಆದರೆ ಮ್ಯಾಗ್ನಟೈಟ್ ಇದ್ದಲ್ಲೆಲ್ಲ ಸೂಜಿಗಲ್ಲು ಸಿಗುವುದಿಲ್ಲ. ಅಯಸ್ಕಾಂತ ಸೆಳೆದರೆ ಬರುವುದು ಬೇರೆ, ತಾನೇ ಸೆಳೆಯುವುದು ಬೇರೆ. ಬರೀ ಭೂಮಿಯ ಕಾಂತಬಲಕ್ಕೆ ಒಂದು ಕಲ್ಲನ್ನು ಸೂಜಿ ಎತ್ತುವಷ್ಟು ಗಟ್ಟಿ ಮಾಡುವ ತಾಕತ್ತಿಲ್ಲ. ನೆಲಕ್ಕೆ ಬಡಿದ ಸಿಡಿಲಿನ ಭಾರೀ ವಿದ್ಯುತ್ ಪ್ರವಾಹವೇ ಆ ಕಲ್ಲುಗಳಿಗೆ ದೀಕ್ಷೆ ಕೊಟ್ಟಿರಬೇಕೆಂಬುದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ.

ಇನ್ನು ಕಬ್ಬಿಣದ ಒಳಗೆ ಹೋಗೋಣ. ಕಬ್ಬಿಣದ ಪ್ರತಿ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ಅದರ ಎಲೆಕ್ಟ್ರಾನುಗಳ ಸ್ವಭಾವದಿಂದ ಬಂದ ಗುಣವಿದು. ಹಾಗಾದರೆ ಎಲ್ಲ ಮೊಳೆಯೂ ಅಯಸ್ಕಾಂತವಾಗಿರಬೇಕಿತ್ತಲ್ಲ? ಇಲ್ಲ. ಒಂದು ಊರನ್ನು ನೆನೆಸಿಕೊಳ್ಳಿ. ಊರಿನಲ್ಲಿ ಹತ್ತಾರು ಓಣಿಗಳು. ಒಂದು ಓಣಿಯ ಮನೆಗಳ ಬಾಗಿಲೆಲ್ಲ ಪೂರ್ವಕ್ಕೆ, ಪಕ್ಕದ ಓಣಿಯವು ಪಶ್ಚಿಮಕ್ಕೆ, ಅದರಾಚೆಯವು ದಕ್ಷಿಣಕ್ಕೆ. ಓಣಿಯೊಳಗೆ ಅಪಾರ ಒಗ್ಗಟ್ಟು, ಆದರೆ ಇಡೀ ಊರಿನ ಮುಖ ಯಾವ ಕಡೆ ಎಂದರೆ ಯಾವ ಕಡೆಯೂ ಅಲ್ಲ. ಸಾಧಾರಣ ಮೊಳೆಯ ಒಳಗಿನ ಸ್ಥಿತಿ ಇದೇ. ಫ್ರಾನ್ಸಿನ ಪಿಯೆರ್ ವೈಸ್ 1907ರಲ್ಲಿ ಹೀಗೆ ಊಹಿಸಿದ. ಈ ಓಣಿಗಳನ್ನು ವಿಜ್ಞಾನದಲ್ಲಿ ಡೊಮೇನ್ ಎನ್ನುತ್ತಾರೆ.

ಮೊಳೆಯ ಹತ್ತಿರ ಅಯಸ್ಕಾಂತ ತಂದಾಗ ಅದು ತೋರಿಸಿದ ದಿಕ್ಕಿಗೆ ಮೊದಲೇ ಮುಖ ಮಾಡಿದ ಓಣಿಗಳು ಬೆಳೆಯುತ್ತವೆ. ಗಡಿಯಲ್ಲಿದ್ದ ಮನೆಗಳು ಒಂದೊಂದಾಗಿ ಬಾಗಿಲು ತಿರುಗಿಸಿ ಆಚೆಯವರ ಪಕ್ಷ ಸೇರುತ್ತವೆ. ಊರಿಗೆ ಒಂದು ಮುಖ ಬರುತ್ತದೆ. ಅಯಸ್ಕಾಂತವನ್ನು ದೂರ ಒಯ್ದಾಗ ಏನಾಗುತ್ತದೆ ಎನ್ನುವುದು ಲೋಹದ ಮೇಲೆ ನಿಂತಿದೆ. ಮೆದು ಕಬ್ಬಿಣದಲ್ಲಿ ಗಡಿಗಳು ಸಲೀಸಾಗಿ ಜಾರಿ ಹಳೆಯ ಜಾಗಕ್ಕೇ ಮರಳುತ್ತವೆ. ಬಂದ ನೆನಪು ಬಂದ ಹಾಗೇ ಹೋಗುತ್ತದೆ. ಗಟ್ಟಿ ಉಕ್ಕಿನಲ್ಲಿ ಹಾಗಲ್ಲ. ಅದರೊಳಗಿನ ಇಂಗಾಲ, ಅಡ್ಡಾದಿಡ್ಡಿ ಹರಳು, ಬಿರುಕು ಎಲ್ಲವೂ ಗಡಿಗೆ ಅಡ್ಡಗಾಲು ಹಾಕುತ್ತವೆ. ಗಡಿ ಸರಿಯುವುದೂ ಕಷ್ಟ, ಸರಿದ ಮೇಲೆ ಮರಳುವುದೂ ಕಷ್ಟ. ಆದ್ದರಿಂದಲೇ ಅಯಸ್ಕಾಂತಕ್ಕೆ ಒಂದೇ ದಿಕ್ಕಿನಲ್ಲಿ ಹತ್ತಿಪ್ಪತ್ತು ಸಲ ಉಜ್ಜಿದ ಹೊಲಿಗೆ ಸೂಜಿ ತಾನೇ ಅಯಸ್ಕಾಂತವಾಗಿ ಉಳಿಯುತ್ತದೆ.

ಈ ಗಡಿಗಳು ಮೆತ್ತಗೆ ಸರಿಯುವುದಿಲ್ಲ. ಅಡಚಣೆಯಿಂದ ಅಡಚಣೆಗೆ ಜಿಗಿಯುತ್ತವೆ. 1919ರಲ್ಲಿ ಜರ್ಮನಿಯ ಹೈನ್‌ರಿಶ್ ಬಾರ್ಕ್‌ಹೌಸೆನ್ ಕಬ್ಬಿಣದ ಸುತ್ತ ತಂತಿ ಸುತ್ತಿ, ಆಂಪ್ಲಿಫೈಯರಿಗೆ ಜೋಡಿಸಿ, ಅಯಸ್ಕಾಂತವನ್ನು ಹತ್ತಿರ ತಂದಾಗ ಚಟಪಟ ಸದ್ದು ಕೇಳಿಸಿತು. ಸಾಸಿವೆ ಸಿಡಿದ ಹಾಗೆ ಕೇಳುವ ಆ ಸದ್ದು ಕಬ್ಬಿಣ ಮನಸ್ಸು ಬದಲಾಯಿಸುವ ಸದ್ದು.

ಇಲ್ಲಿ ಒಂದು ಸೂಕ್ಷ್ಮವಿದೆ. ಅಡಚಣೆಗೆ ಸಿಕ್ಕಿಬಿದ್ದ ಗಡಿಗೆ ಒಂದು ಅಲುಗಾಟ ಕೊಟ್ಟರೆ ಅದು ಬಿಡಿಸಿಕೊಳ್ಳುತ್ತದೆ. ಆದರೆ ಬಿಡಿಸಿಕೊಂಡು ಎತ್ತ ಹೋಗುತ್ತದೆ? ಅಲುಗಾಟಕ್ಕೆ ಅದರ ಪರಿವೆ ಇಲ್ಲ. ಆ ಗಳಿಗೆಯಲ್ಲಿ ಸುತ್ತ ಯಾವ ಕಾಂತಬಲ ಇದೆಯೋ ಅತ್ತ ಹೋಗುತ್ತದೆ. ಯಾವುದೂ ಇಲ್ಲದಿದ್ದರೆ ದಿಕ್ಕಾಪಾಲು. ಬಡಿತ, ಬೆಂಕಿ, ಹಿಂದೆಮುಂದೆ ಓಡುವ ವಿದ್ಯುತ್ತು ಈ ಮೂರೂ ಅಲುಗಾಟದ ಬಗೆಗಳು. ಇವು ಕಾಂತತೆಯನ್ನು ಕಳೆಯುತ್ತವೆ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೇವೆ. ಅದು ಅರ್ಧ ಸತ್ಯ. ಅವೇ ಕೊಡುತ್ತವೆ ಕೂಡ.

ಚೀನೀಯರಿಗೆ ಇದು ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು, ಕಾರಣ ತಿಳಿಯದಿದ್ದರೂ. 1044ರ ಹೊತ್ತಿಗೆ ಬರೆದ ಅವರ ಒಂದು ಯುದ್ಧವಿದ್ಯೆಯ ಗ್ರಂಥದಲ್ಲಿ ಕತ್ತಲಲ್ಲಿ ದಿಕ್ಕು ತಿಳಿಯಲು ಸೈನಿಕರು ಬಳಸುವ ಕಬ್ಬಿಣದ ಮೀನಿನ ವಿವರವಿದೆ. ತೆಳ್ಳನೆಯ ತಗಡನ್ನು ಮೀನಿನ ಆಕಾರಕ್ಕೆ ಕತ್ತರಿಸಿ, ಕೆಂಡದಲ್ಲಿ ಕೆಂಪಗೆ ಕಾಯಿಸಿ, ಬಾಲ ಉತ್ತರಕ್ಕೆ ಬರುವ ಹಾಗೆ ಇಕ್ಕಳದಲ್ಲಿ ಹಿಡಿದು ನೀರಿಗೆ ಅದ್ದಬೇಕು. ಆಮೇಲೆ ಬಟ್ಟಲ ನೀರಿನಲ್ಲಿ ತೇಲಿಬಿಟ್ಟರೆ ಮೀನು ದಕ್ಷಿಣಕ್ಕೆ ತಲೆ ಮಾಡಿ ನಿಲ್ಲುತ್ತದೆ. ಸೂಜಿಗಲ್ಲಿನ ಸೋಂಕೇ ಇಲ್ಲ!

ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲಿ ಅಯಸ್ಕಾಂತದ ಬಗ್ಗೆ ಲ್ಯಾಟಿನ್ನಿನಲ್ಲಿ ಬರೆದ ದೊಡ್ಡ ಗ್ರಂಥದಲ್ಲಿ ಒಂದು ಚಿತ್ರವಿದೆ. ಕಮ್ಮಾರನೊಬ್ಬ ಕಾದ ಕಬ್ಬಿಣದ ಸರಳನ್ನು ಅಡಿಗಲ್ಲಿನ ಮೇಲಿಟ್ಟು ಬಡಿಯುತ್ತಿದ್ದಾನೆ. ಸರಳಿನ ಒಂದು ತುದಿಯ ಕಡೆ ‘ಉತ್ತರ’, ಇನ್ನೊಂದರ ಕಡೆ ‘ದಕ್ಷಿಣ’ ಎಂದು ಬರೆದಿದೆ. ಹಾಗೆ ಉತ್ತರ ದಕ್ಷಿಣವಾಗಿ ಇಟ್ಟು ಬಡಿದ ಕಬ್ಬಿಣ ತಣಿಯುವಷ್ಟರಲ್ಲಿ ಅಯಸ್ಕಾಂತವಾಗಿರುತ್ತದೆ. ಪೂರ್ವ ಪಶ್ಚಿಮವಾಗಿ ಇಟ್ಟರೆ ಇಲ್ಲವೇ ಇಲ್ಲ ಎನ್ನುವಷ್ಟು. ಏಕೆಂದರೆ ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಎಂಬುದು ಗಿಲ್ಬರ್ಟನ ನಿರ್ಣಯ. ನಮ್ಮ ನಾಡಿನಲ್ಲೂ ಮಾಡಿ ನೋಡಬಹುದು. ಕಾಂತ ವಿಷುವದ್ರೇಖೆ ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುವುದರಿಂದ ಇಲ್ಲಿ ಭೂಮಿಯ ಕಾಂತಬಲ ಬಹುಮಟ್ಟಿಗೆ ನೆಲಕ್ಕೆ ಸಮನಾಗಿಯೇ ಮಲಗಿರುತ್ತದೆ. ಹಾಗಾಗಿ ಸರಳನ್ನು ನೆಟ್ಟಗೆ ನಿಲ್ಲಿಸದೆ, ಉತ್ತರ ದಕ್ಷಿಣವಾಗಿ ಮಲಗಿಸಿ ಸುತ್ತಿಗೆಯಿಂದ ಕುಟ್ಟಿ, ದಿಕ್ಸೂಚಿಯ ಹತ್ತಿರ ತಂದರೆ ಆಯಿತು. ಆಮೇಲೆ ಪೂರ್ವ ಪಶ್ಚಿಮಕ್ಕಿಟ್ಟು ಅದೇ ಸುತ್ತಿಗೆಯಿಂದ ಕುಟ್ಟಿ, ಬಂದದ್ದು ಹೋಗುತ್ತದೆ.

ಬೆಳ್ಳುಳ್ಳಿಯ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಬೆಳ್ಳುಳ್ಳಿ ಸವರಿದರೆ ಅಯಸ್ಕಾಂತದ ಶಕ್ತಿ ಹೋಗುತ್ತದೆ ಎಂದು ಯುರೋಪಿನ ಪಂಡಿತರು ಗ್ರೀಕರ ಕಾಲದಿಂದಲೂ ನಂಬಿದ್ದರು. ದಿಕ್ಸೂಚಿಯ ಹತ್ತಿರ ಇರುವ ನಾವಿಕರು ಬೆಳ್ಳುಳ್ಳಿ ತಿನ್ನಕೂಡದಂತೆ! ಇಟಲಿಯ ಜಾಂಬಟಿಸ್ಟಾ ಡೆಲ್ಲಾ ಪೋರ್ಟಾ ಇದನ್ನು ಹೋಗಿ ನಾವಿಕರನ್ನೇ ಕೇಳಿದ. ಅವರು ನಕ್ಕು, ಪ್ರಾಣ ಬಿಟ್ಟೇವು, ಈರುಳ್ಳಿ ಬೆಳ್ಳುಳ್ಳಿ ಬಿಡೆವು ಎಂದರಂತೆ. ಅವನು ಸ್ವತಃ ಬೆಳ್ಳುಳ್ಳಿ ತಿಂದು ಅಯಸ್ಕಾಂತದ ಮೇಲೆ ತೇಗಿ, ರಸ ಬಳಿದು ನೋಡಿದ. ಏನೂ ಆಗಲಿಲ್ಲ. ಶತಮಾನಗಳ ಪಾಂಡಿತ್ಯ ಒಂದು ತೇಗಿಗೆ ಬಿದ್ದುಹೋಯಿತು.

ನಾವಿಕರಿಗೆ ನಿಜವಾದ ಅಪಾಯ ಬಂದದ್ದು ಹಡಗುಗಳನ್ನು ಕಬ್ಬಿಣದಲ್ಲಿ ಕಟ್ಟತೊಡಗಿದಾಗ. ಕಬ್ಬಿಣದ ಹಡಗು ಕಟ್ಟೆಯ ಮೇಲೆ ತಿಂಗಳುಗಟ್ಟಲೆ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತದೆ. ಅಷ್ಟೂ ದಿನ ರಿವೆಟ್ ಹೊಡೆಯುವ ಸಾವಿರಾರು ಸುತ್ತಿಗೆ ಏಟುಗಳು. ಗಿಲ್ಬರ್ಟನ ಕಮ್ಮಾರ ಸರಳಿಗೆ ಮಾಡಿದ್ದನ್ನೇ ಈ ಸುತ್ತಿಗೆಗಳು ಇಡೀ ಹಡಗಿಗೆ ಮಾಡುತ್ತವೆ. ನೀರಿಗಿಳಿಯುವ ಹೊತ್ತಿಗೆ ಹಡಗೇ ಒಂದು ಅಯಸ್ಕಾಂತ. ಅದರೊಳಗಿನ ದಿಕ್ಸೂಚಿ ಭೂಮಿಯ ಮಾತು ಕೇಳಬೇಕೋ ಹಡಗಿನ ಮಾತು ಕೇಳಬೇಕೋ ತಿಳಿಯದೆ ತಪ್ಪು ತೋರಿಸುತ್ತದೆ. ಬ್ರಿಟನ್ನಿನ ರಾಜಖಗೋಳಜ್ಞ ಜಾರ್ಜ್ ಏರಿ 1838ರಲ್ಲಿ ‘ರೈನ್‌ಬೋ’ ಎಂಬ ಕಬ್ಬಿಣದ ಹಡಗನ್ನು ಪರೀಕ್ಷಿಸಿ ಪರಿಹಾರ ಸೂಚಿಸಿದ: ದಿಕ್ಸೂಚಿಯ ಪಕ್ಕದಲ್ಲಿ ಅಯಸ್ಕಾಂತ ಮತ್ತು ಕಬ್ಬಿಣದ ತುಂಡುಗಳನ್ನಿಟ್ಟು ಹಡಗಿನ ಕಾಂತಬಲವನ್ನು ಸರಿತೂಗಿಸುವುದು. ಎಲ್ಲರೂ ನಿಟ್ಟುಸಿರು ಬಿಟ್ಟರು.

1854ರ ಜನವರಿ 19ರಂದು ‘ಟೇಲರ್’ ಎಂಬ ಹೊಸ ಕಬ್ಬಿಣದ ಹಡಗು ಆಸ್ಟ್ರೇಲಿಯಕ್ಕೆ ವಲಸೆ ಹೊರಟವರನ್ನು ತುಂಬಿಕೊಂಡು ಲಿವರ್‌ಪೂಲ್ ಬಿಟ್ಟಿತು. ಅದರ ಮೊದಲ ಯಾನ. ಹಡಗಿನ ದಿಕ್ಸೂಚಿಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ದಕ್ಷಿಣಕ್ಕೆ ಹೋಗುತ್ತಿದ್ದೇವೆ ಎಂದುಕೊಂಡವರು ಪಶ್ಚಿಮಕ್ಕೆ ಹೋಗುತ್ತಿದ್ದರು. ಎರಡೇ ದಿನದಲ್ಲಿ ಐರ್ಲೆಂಡಿನ ಲ್ಯಾಂಬೆ ದ್ವೀಪದ ಬಂಡೆಗೆ ಬಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಂಗಸರು ಮಕ್ಕಳೇ ಬಹಳ. ಅನುಭವವಿಲ್ಲದ ಸಿಬ್ಬಂದಿ, ಹಡಗಿನ ಗಾತ್ರಕ್ಕೆ ಸಾಲದ ಚುಕ್ಕಾಣಿ ಇವೂ ಕಾರಣಗಳಾಗಿದ್ದವು. ಆದರೆ ದಿಕ್ಸೂಚಿಯನ್ನು ತಿದ್ದಿದ ಮೇಲೂ ಹೀಗೇಕಾಯಿತು ಎಂಬ ಪ್ರಶ್ನೆ ಎದ್ದಿತು.

ಉತ್ತರ ಕೊಟ್ಟವನು ವಿಲಿಯಂ ಸ್ಕೋರ್ಸ್‌ಬಿ. ಹರೆಯದಲ್ಲಿ ತಿಮಿಂಗಿಲ ಬೇಟೆಯ ಹಡಗಿನ ಕಪ್ತಾನ, ಆಮೇಲೆ ಪಾದ್ರಿ. ಕಬ್ಬಿಣದ ತಗಡುಗಳನ್ನು ಬಡಿದು ಬಡಿದು ಪರೀಕ್ಷಿಸಿದ್ದ ಅವನ ವಾದ ಸರಳ: ಸುತ್ತಿಗೆ ಕೊಟ್ಟದ್ದನ್ನು ಅಲೆ ಕಸಿದುಕೊಳ್ಳುತ್ತದೆ. ಕಟ್ಟೆಯಲ್ಲಿ ಒಂದು ದಿಕ್ಕಿಗೆ ನಿಂತು ಏಟು ತಿಂದ ಹಡಗು ಈಗ ಬೇರೆ ದಿಕ್ಕಿಗೆ ಮುಖ ಮಾಡಿ ಸಮುದ್ರದ ಏಟು ತಿನ್ನುತ್ತಿದೆ. ಹಳೆಯ ನೆನಪು ಹೋಗಿ ಹೊಸದು ಬರುತ್ತಿದೆ. ಬಂದರಿನಲ್ಲಿ ಲೆಕ್ಕ ಹಾಕಿ ಇಟ್ಟ ಏರಿಯ ಅಯಸ್ಕಾಂತಗಳು ಮಾತ್ರ ಹಳೆಯ ಹಡಗನ್ನೇ ತಿದ್ದುತ್ತ ಕೂತಿವೆ. ಏರಿ ಒಪ್ಪಲಿಲ್ಲ, ಇಬ್ಬರ ನಡುವೆ ಪತ್ರಿಕೆಗಳಲ್ಲಿ ಬಿಸಿ ಬಿಸಿ ವಾದ ನಡೆಯಿತು. 1856ರಲ್ಲಿ ಅರವತ್ತು ದಾಟಿದ್ದ ಸ್ಕೋರ್ಸ್‌ಬಿ ‘ರಾಯಲ್ ಚಾರ್ಟರ್’ ಎಂಬ ಕಬ್ಬಿಣದ ಹಡಗು ಹತ್ತಿ ಮೆಲ್ಬೋರ್ನ್‌ವರೆಗೆ ಹೋಗಿ, ಹಡಗಿನ ಕಾಂತಸ್ಥಿತಿ ದಾರಿಯುದ್ದಕ್ಕೂ ಬದಲಾಗುವುದನ್ನು ಅಳೆದು ಬಂದ. ಕಬ್ಬಿಣದ ಮೈಯಿಂದ ದೂರ, ಕಂಬದ ಮೇಲೆ ಒಂದು ದಿಕ್ಸೂಚಿ ಇಡಿ ಎಂಬುದು ಅವನ ಸಲಹೆ. ಮರುವರ್ಷ ತೀರಿಕೊಂಡ. ಏರಿ ದೊಡ್ಡ ಗಣಿತಜ್ಞ, ಅನುಮಾನವಿಲ್ಲ. ಆದರೆ ಈ ಜಗಳದಲ್ಲಿ ನನ್ನ ಒಲವು ಪಾದ್ರಿಯ ಕಡೆಗೇ.

ಬೆಂಕಿಯ ವಿಷಯಕ್ಕೆ ಬಂದರೆ, ಬಡಿತ ಗಡಿಗಳನ್ನಷ್ಟೇ ಅಲುಗಿಸುತ್ತದೆ, ಬೆಂಕಿ ಓಣಿಯ ಒಗ್ಗಟ್ಟನ್ನೇ ಮುರಿಯುತ್ತದೆ. ಕಾದಷ್ಟೂ ಪರಮಾಣುಗಳ ನಡುಕ ಹೆಚ್ಚುತ್ತದೆ. ಒಂದು ಮಿತಿ ದಾಟಿದರೆ ಪಕ್ಕದ ಮನೆಯವರೊಂದಿಗೂ ಹೊಂದಿಕೆ ಉಳಿಯುವುದಿಲ್ಲ. ಪಿಯೆರ್ ಕ್ಯೂರಿ 1895ರಲ್ಲಿ ಈ ಮಿತಿಯನ್ನು ವಿವರವಾಗಿ ಅಭ್ಯಾಸ ಮಾಡಿದ್ದರಿಂದ ಅದಕ್ಕೆ ಅವನದೇ ಹೆಸರು. ಕಬ್ಬಿಣಕ್ಕೆ ಅದು 770 ಡಿಗ್ರಿ ಸೆಲ್ಸಿಯಸ್, ನಿಕ್ಕಲಿಗೆ ಸುಮಾರು 358. ಗ್ಯಾಡೊಲಿನಿಯಂ ಎಂಬ ಅಪರೂಪದ ಲೋಹಕ್ಕೆ ಬರೀ 20ರ ಆಸುಪಾಸು. ಬೆಂಗಳೂರಿನ ಚಳಿಗಾಲದ ಬೆಳಗ್ಗೆ ಅಯಸ್ಕಾಂತಕ್ಕೆ ಅಂಟಿಕೊಳ್ಳುವ ಅದು ಮಧ್ಯಾಹ್ನದ ಹೊತ್ತಿಗೆ ಬಹುಮಟ್ಟಿಗೆ ನಂಟು ಬಿಡುತ್ತದೆ.

ಕಾದದ್ದು ತಣಿಯುವಾಗ ಒಗ್ಗಟ್ಟು ಮತ್ತೆ ಹುಟ್ಟುತ್ತದೆ, ಆಗ ಸುತ್ತ ಇದ್ದ ಕಾಂತಬಲದ ದಿಕ್ಕಿಗೆ ವಾಲಿಕೊಂಡು. ಚೀನೀಯರ ಮೀನಿನ ಗುಟ್ಟು ಇದೇ. ಕರಗಿದ ಬಂಡೆಯ ಗುಟ್ಟೂ ಇದೇ. ವಿಜಾಪುರ, ಬೀದರ, ಕಲಬುರಗಿ, ಬೆಳಗಾವಿ ಕಡೆಯ ನೆಲದ ದೊಡ್ಡ ಪಾಲು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಪದರ ಪದರವಾಗಿ ಹರಿದ ಲಾವಾ. ಗೋಲಗುಂಬಜದ ಕರಿಕಲ್ಲೂ ಅದರದೇ. ಲಾವಾ ಆರುತ್ತ 580 ಡಿಗ್ರಿಯ ಆಸುಪಾಸಿಗೆ ಬಂದಾಗ ಅದರೊಳಗಿನ ಮ್ಯಾಗ್ನಟೈಟ್ ಕಣಗಳು ಅಂದಿನ ಭೂಮಿಯ ಕಾಂತದಿಕ್ಕನ್ನು ಹಿಡಿದಿಟ್ಟುಕೊಂಡವು. 1950ರ ದಶಕದಲ್ಲಿ ನೊಬೆಲ್ ವಿಜ್ಞಾನಿ ಬ್ಲ್ಯಾಕೆಟ್ ಅವರ ಬ್ರಿಟಿಷ್ ತಂಡದವರು ದಖ್ಖನ್ನಿನ ಈ ಕಲ್ಲುಗಳನ್ನು ಅಳೆದು ನೋಡಿದಾಗ ಆ ದಿಕ್ಕು ಇಂದಿನದಕ್ಕೆ ತಾಳೆಯಾಗಲಿಲ್ಲ. ಇಲ್ಲಿ ಈಗ ಮಲಗಿದಂತಿರುವ ಕಾಂತಬಲ ಆ ಕಲ್ಲುಗಳಲ್ಲಿ ಕಡಿದಾಗಿ ಓರೆಯಾಗಿತ್ತು. ಲಾವಾ ಹರಿದಾಗ ಈ ನೆಲ ಸಮಭಾಜಕ ವೃತ್ತದಿಂದ ಬಲು ಕೆಳಗೆ, ದಕ್ಷಿಣ ಗೋಲಾರ್ಧದಲ್ಲಿತ್ತು ಎಂದು ಇದರಿಂದ ತಿಳಿಯಿತು. ಭೂಖಂಡಗಳು ತೇಲುತ್ತವೆ ಎಂದರೆ ನಗುತ್ತಿದ್ದ ಕಾಲ ಅದು. ಸಾಕ್ಷಿ ಹೇಳಿದವುಗಳಲ್ಲಿ ನಮ್ಮ ಕಡೆಯ ಕಲ್ಲೂ ಒಂದು.

ಇನ್ನು ಮೆಕ್ಯಾನಿಕ್ಕರ ಪೆನ್ನು. ಅದರ ತುದಿಯ ಕಾಂತಬಲ ಮನೆಯ ವಿದ್ಯುತ್ತಿನಂತೆ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ಹೆಡ್ಡಿನ ಕಬ್ಬಿಣದ ಓಣಿಗಳು ಅತ್ತಲೊಮ್ಮೆ ಇತ್ತಲೊಮ್ಮೆ ತಿರುಗುತ್ತವೆ. ಪೆನ್ನನ್ನು ಮೆಲ್ಲಗೆ ದೂರ ಎಳೆದಾಗ ತೂಗುವಿಕೆ ಸಣ್ಣದಾಗುತ್ತ, ತೊಟ್ಟಿಲು ತೂಗಿ ತೂಗಿ ನಡುವಿಗೆ ಬಂದು ನಿಲ್ಲುವ ಹಾಗೆ, ಯಾವ ಕಡೆಗೂ ವಾಲದೆ ನಿಲ್ಲುತ್ತದೆ. ಹತ್ತಿರವಿದ್ದಾಗಲೇ ಆರಿಸಿದರೆ? ತೊಟ್ಟಿಲನ್ನು ಒಂದು ತುದಿಯಲ್ಲಿ ಗಕ್ಕನೆ ಹಿಡಿದು ನಿಲ್ಲಿಸಿದ ಹಾಗೆ. ಅಲುಗಾಟ ಒಂದೇ, ಅದು ಹೇಗೆ ಕೊನೆಯಾಯಿತು ಎಂಬುದರ ಮೇಲೆ ನೆನಪೋ ಮರೆವೋ ನಿಂತಿದೆ. 1939ರ ನವೆಂಬರಿನಲ್ಲಿ ಥೇಮ್ಸ್ ನದೀಮುಖದ ಕೆಸರಿನಲ್ಲಿ ಸಿಕ್ಕ ಜರ್ಮನ್ ಕಾಂತ ಸಿಡಿಗುಂಡನ್ನು ಬ್ರಿಟಿಷ್ ನೌಕಾಪಡೆಯ ಜಾನ್ ಔವ್ರಿ ಪ್ರಾಣದ ಹಂಗು ತೊರೆದು ಬಿಚ್ಚಿ ನೋಡಿದ. ಹಡಗಿನ ಕಾಂತಬಲ ತಗುಲಿದರೆ ಸಿಡಿಯುವಂಥದ್ದು ಅದು. ಆಮೇಲೆ ಬ್ರಿಟಿಷರು ಹಡಗುಗಳ ಸುತ್ತ ಕೇಬಲ್ ಸುತ್ತಿ ವಿದ್ಯುತ್ ಹರಿಸಿ ಅವುಗಳ ಕಾಂತಬಲವನ್ನು ಅಡಗಿಸತೊಡಗಿದರು. ಹಳೆಯ ಡಬ್ಬಿ ಟಿವಿ ಹಾಕಿದೊಡನೆ ಝುಂ ಎನ್ನುತ್ತಿದ್ದುದು ನೆನಪಿದೆಯೆ? ಬಣ್ಣ ಕೆಡದಂತೆ ಪರದೆಯ ಹಿಂದಿನ ಲೋಹದ ಜಾಲರಿಯ ಕಾಂತ ಬಿಡಿಸುವ ಸುರುಳಿಯ ಸದ್ದದು.

ಟೇಪಿನ ಮೇಲೆ ಬಳಿದಿರುವುದು ಐರನ್ ಆಕ್ಸೈಡಿನ ಸೂಜಿಯಂಥ ಕಣಗಳು. ಒಂದೊಂದೂ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಚಿಕ್ಕದು, ಒಂದೊಂದೂ ಒಂದೇ ಓಣಿಯ ಊರು. ದನಿಯ ಕಾಂತಬಲ ಮಾತ್ರವೇ ಆದರೆ ಈ ಹಟಮಾರಿ ಕಣಗಳು ಸರಿಯಾಗಿ ತಿರುಗುವುದಿಲ್ಲ, ದನಿ ಒಡಕಾಗುತ್ತದೆ. 1940ರಲ್ಲಿ ಬರ್ಲಿನ್ನಿನಲ್ಲಿ ವಾಲ್ಟರ್ ವೆಬರ್ ಮತ್ತು ಫಾನ್ ಬ್ರೌನ್‌ಮ್ಯೂಲ್ ಇದಕ್ಕೆ ದಾರಿ ಕಂಡುಕೊಂಡರು. ಕೆಟ್ಟುಹೋದ ಒಂದು ಆಂಪ್ಲಿಫೈಯರ್ ಕಿವಿಗೆ ಕೇಳದಷ್ಟು ವೇಗದ ಕಂಪನವನ್ನು ಬೆರೆಸಿಬಿಟ್ಟು, ಅಂದಿನ ಧ್ವನಿಮುದ್ರಣವೇ ಅತ್ಯುತ್ತಮವಾಗಿ ಬಂತು ಎನ್ನುತ್ತಾರೆ. ಅಂದಿನಿಂದ ದನಿಯ ಜೊತೆ ಹೀಗೊಂದು ಅತಿವೇಗದ ಅಲುಗಾಟವನ್ನು ಬೆರೆಸಿ ಟೇಪಿಗೆ ಕೊಡುತ್ತಾರೆ. ಟೇಪು ಹೆಡ್ಡನ್ನು ದಾಟಿ ದೂರ ಸರಿಯುವಾಗ ಅಲುಗಾಟ ತಗ್ಗುತ್ತ ಸಾಯುತ್ತದೆ, ಆ ಗಳಿಗೆಯಲ್ಲಿ ಇದ್ದ ದನಿ ಕಣಗಳಲ್ಲಿ ಉಳಿಯುತ್ತದೆ. ಕಮ್ಮಾರನ ಸುತ್ತಿಗೆಯೇ ಇದು, ಭೂಮಿಯ ಜಾಗದಲ್ಲಿ ಅಜ್ಜನ ದನಿ. ಅದಕ್ಕೂ ಮೊದಲು ಟೇಪು ದಾಟುವ ಅಳಿಸುವ ಹೆಡ್ಡಿನಲ್ಲೂ ಇಂಥದೇ ಅಲುಗಾಟ, ದನಿ ಮಾತ್ರ ಇಲ್ಲ. ಚಿಕ್ಕಪ್ಪ ಕೆಂಪು ಗುಂಡಿ ಒತ್ತಿದಾಗ ಅಜ್ಜನ ಎರಡನೇ ಬದಿ ಹೋದದ್ದು ಅಲ್ಲಿ.

‘ಆ ಬದಿ ಬರಲ್ವಾ?’ ಎಂದು ಕೇಳಿದೆ.

‘ಅದು ಹೋಯ್ತು ಸಾರ್’ ಎಂದರು ಮೆಕ್ಯಾನಿಕ್. ಮಳೆಗಾಲದ ಬೂಷ್ಟನ್ನು ಹತ್ತಿಯಲ್ಲಿ ಒರೆಸಿ ಮೊದಲ ಬದಿಯನ್ನು ಹಾಕಿದರು. ಬರೀ ಮೌನ. ಆಮೇಲೆ ಬಹಳ ಸಣ್ಣಗೆ, ಬಾವಿಯೊಳಗಿನಿಂದ ಬಂದಂತೆ, ಅಜ್ಜ ಗಂಟಲು ಸರಿಮಾಡಿಕೊಂಡ ಸದ್ದು. ಎರಡು ಸೆಕೆಂಡಿನ ನಂತರ ಅದೇ ಸದ್ದು ಜೋರಾಗಿ, ಹಿಂದೆಯೇ ಪದ್ಯ.

ಮೊದಲು ಕೇಳಿದ್ದೇನು ಎಂದರೆ ಅವರು ಸುರುಳಿಯನ್ನು ತೋರಿಸಿದರು. ಸುತ್ತಿಟ್ಟ ಟೇಪಿನಲ್ಲಿ ಒಂದು ಪದರದ ಕಾಂತಬಲ ಮೇಲಿನ ಪದರದ ಕಣಗಳನ್ನು ವರ್ಷಗಟ್ಟಲೆ ಮುಟ್ಟುತ್ತಿರುತ್ತದೆ. ಸುಲಭವಾಗಿ ತಿರುಗುವ ಕೆಲವು ಕಣಗಳು ಪಕ್ಕದವರ ಮಾತು ಕಲಿತುಬಿಡುತ್ತವೆ. ಅದರಿಂದ ದನಿಗಿಂತ ಮುಂಚೆ ದನಿಯ ನೆರಳು ಕೇಳುತ್ತದೆ. ಬೇಕಾದರೆ ಕಂಪ್ಯೂಟರಿನಲ್ಲಿ ಅದನ್ನು ತೆಗೆದುಹಾಕುತ್ತೇನೆ ಎಂದರು. ಬೇಡ ಎಂದೆ.

ಅಲ್ಲಿಂದಲೇ ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳಿಸಿದೆ. ಪದ್ಯ ಮುಗಿಯುವವರೆಗೂ ಏನೂ ಹೇಳಲಿಲ್ಲ. ಆಮೇಲೆ, ‘ಶುರುವಿಂದ ಇನ್ನೊಂದು ಸಲ ಹಾಕ್ಸು’ ಎಂದರು.